ಡಾಕ್ಟರ ಹೊಸ ಕಾರ್ಡೂ ನಮ್ಮ ಯಜಮಾನರ ಹೆಸರೂ

ಗೆಳತ್ಯಾರ, ಇವತ್ತ ನಾಸಿಕದ ನಮ್ಮ ಡಾಕ್ಟರ ದವಾಖಾನಿಯೊಳಗ ಹಬ್ಬ ಆತು, ಕೇಳ್ರಿ. ಇಷ್ಟು ದಿನ ನಮ್ಮ ಜಡ್ಡೆಲ್ಲ ಡಾಕ್ಟರೇ ನೆನಪಿಡ್ತಿದ್ರು. ಇವತ್ತಿನಿಂದ ಒಬ್ಬೊಬ್ಬರಿಗೂ ಒಂದು ಕಾರ್ಡು, ಅದರ ಮ್ಯಾಲೆ ನಂಬರು. ಇನ್ನ ಅದೇ ನೆನಪಿಡ್ತದಂತ.

ನಾ ಜ್ವರದಾಗ ನಡುಗಿಕೋತ ನಿಂತಿದ್ದೆ. ಕಾರ್ಡು ಬರೆಯೋ ನರ್ಸಬಾಯಿ "ಗಂಡನ ಹೆಸರು?" ಅಂದ್ಳು. ಹೆಂಗ ಹೇಳ್ಲಿ? ಬೀದರದ ನಮ್ಮ ಮನ್ಯಾಗ ಹೆಣ್ಣಮಕ್ಕಳು ಗಂಡನ ಹೆಸರು ಬಾಯಾಗ ತರೂದಿಲ್ಲ. "ನಮ್ಮ ಮನಿಯವರು" ಅಂದೆ. ಆಕಿ ಪೆನ್ನು ಕೆಳಗಿಟ್ಟು, "ಹೆಸರಿಲ್ಲಂದ್ರ ಕಾರ್ಡಿಲ್ಲ, ಕಾರ್ಡಿಲ್ಲಂದ್ರ ಡಾಕ್ಟರೂ ಇಲ್ಲ" ಅಂತ ಮರಾಠಿಯೊಳಗ ಗದರಿಸಿದ್ಳು.

ನನಗೂ ಸಿಟ್ಟು ಬಂತು. ಮದುವ್ಯಾಗ ಗಂಡನ ಹೆಸರು ಹೇಳಾಕ ಪ್ರಾಸ ಕೂಡಿಸಿ ಒಡಪು ಹಾಕ್ತೀವಲ್ಲ, ಹಂಗೇ ಹಾಕಿಬಿಟ್ಟೆ:

"ನಾಸಿಕದ ದ್ರಾಕ್ಷಿ ತುಂಬೀನಿ ಬುಟ್ಟ್ಯಾಗ,
ಶರಣಪ್ಪನವರ ಹೆಸರ ಬರೀರಿ ನಿಮ್ಮ ಚೀಟ್ಯಾಗ!"

ಪಾಳ್ಯಾಗ ನಿಂತಿದ್ದ ಮರಾಠಿ ಹೆಣ್ಣಮಕ್ಕಳಿಗೆ ಕನ್ನಡ ತಿಳೀಲಿಲ್ಲ, ಒಡಪು ಮಾತ್ರ ತಿಳೀತು. "ಉಖಾಣಾ! ಉಖಾಣಾ!" ಅಂತ ಒಡಪಿಗೆ ತಮ್ಮ ಹೆಸರು ಹಿಡಿದು ಕೂಗಿ ಚಪ್ಪಾಳಿ ಹೊಡದ್ರು. ಆಮ್ಯಾಲೆ ಒಬ್ಬಾಕಿನೂ ಗಂಡನ ಹೆಸರು ಸೀದಾ ಹೇಳಲಿಲ್ಲ. ಕೆಮ್ಮೋರು ಕೆಮ್ಮೂದು ಬಿಟ್ಟು ಪ್ರಾಸ ಹುಡುಕಿದ್ರು. ನರ್ಸಬಾಯಿಗೂ ನಗು ತಡೀಲಿಲ್ಲ. ಕಡೀಕ ಡಾಕ್ಟರೇ ಹೊರಗ ಬಂದು, "ಇಲ್ಲಿ ಜಡ್ಡಿನವರು ಯಾರಾದ್ರೂ ಇದ್ದೀರೇನು?" ಅಂತ ಕೇಳಿದ್ರು.

ಮನಿಗೆ ಬಂದ್ರ ನಮ್ಮವರು ಹಣಿ ಮುಟ್ಟಿ ನೋಡಿದ್ರು. "ಜ್ವರ ಇಳದದಲ್ಲ! ಯಾವ ಔಷಧ ಕೊಟ್ರು?"

"ಆ ಔಷಧದ ಹೆಸರು ನಾ ಬಾಯಾಗ ತರೂಹಂಗಿಲ್ರಿ" ಅಂದೆ.