ಹುಬ್ಬಳ್ಳಿಯ ಮೂರು ಮಾತು

ಭಾಗೀರಥಿಯ ಮಗಳನ್ನು ಜುರಾಂಗ್ ವೆಸ್ಟ್‌ನವರಿಗೆ ಕೊಟ್ಟುಬಿಟ್ಟರು. ಗಾಬರಿಯಾಗಬೇಡಿ, ಇದು ಮದುವೆಯ ಮಾತಲ್ಲ, ಹಾಕಿಯ ಮಾತು. ಸಿಂಗಪುರದ ಟೋವಾ ಪಾಯೋ ಹೆರನ್ಸ್ ಎಂಬ ಹೆಣ್ಣುಮಕ್ಕಳ ತಂಡದಲ್ಲಿ ಹನ್ನೊಂದು ವರ್ಷ ಮೈದಾನದ ನಟ್ಟನಡುವೆ ನಿಂತು ಆಡಿದ ಅನಿಕಾಳನ್ನು ಜುರಾಂಗ್ ವೆಸ್ಟ್ ಆಟರ್ಸ್‌ಗೆ ಬಿಟ್ಟುಕೊಟ್ಟು, ಅವರ ಸೆಂಟರ್ ಹಿದಾಯಾಳನ್ನು ಇತ್ತ ಕರೆತಂದರು. ಸೆಂಟರ್‌ಗೆ ಸೆಂಟರ್, ಸರಿಗೆ ಸರಿ. ಇಬ್ಬರು ಹುಡುಗಿಯರೂ ಒಪ್ಪಿ ಸಹಿ ಹಾಕಿದರು.

“ಅಮ್ಮ, ನಾನು ಟ್ರೇಡ್ ಆದೆ ಲಾ!” ಎನ್ನುತ್ತ ಅನಿಕಾ ಮನೆಗೆ ಬಂದಾಗ ಭಾಗೀರಥಿ ಅನ್ನಕ್ಕೆ ಸಾರು ಬಡಿಸುತ್ತಿದ್ದಳು. “ಅಲ್ಲಿ ಮಿಡ್‌ಫೀಲ್ಡ್ ಪೂರ್ತಿ ವೀಕು. ನಮ್ಮ ಕೋಚ್ ಲಿಮ್ ಕೇಳಿದ್ರು, ನಾನು ಓಕೆ ಅಂದೆ. ಒಳ್ಳೇ ಚಾಲೆಂಜ್ ಅಲ್ವಾ?”

“ಒಳ್ಳೇದಾಯ್ತು ಬಿಡು,” ಎಂದಳು ಭಾಗೀರಥಿ. ಒಳ್ಳೆಯದು ಏನೂ ಆಗಿರಲಿಲ್ಲ. ಹಳೇ ಸೈಕಲ್ ಕೊಟ್ಟು ಹೊಸದು ತಂದ ಹಾಗೆ ನನ್ನ ಮಗಳನ್ನು ಕೊಟ್ಟರೇ ಎಂಬ ಒಂದೇ ಮಾತು ತಲೆಯಲ್ಲಿ ಕೊರೆಯುತ್ತಿತ್ತು.

ಮರುದಿನ ಭಾನುವಾರ. ಟೋವಾ ಪಾಯೋದ, ತಿಂಡಿ ಅಂಗಡಿಗಳು ಸಾಲುಗಟ್ಟಿದ ಹಾಕರ್ ಸೆಂಟರ್‌ನ ಮೂಲೆಯ ಮೇಜಿನಲ್ಲಿ ಕಾಪಿ ಮುಂದಿಟ್ಟುಕೊಂಡು ಹೆರನ್ಸ್‌ನ ಕನ್ನಡ ಅಭಿಮಾನಿ ಸಂಘ ಸಭೆ ಸೇರಿತು. ಸಂಘವೆಂದರೆ ಮೂರೇ ಜನ. ಒಬ್ಬಳು ಭಾಗೀರಥಿ. ಇನ್ನೊಬ್ಬ ದ್ವಾರಕನಾಥ್, ಮೈಸೂರಿನವನು, ತಂಜಾಂಗ್ ಪಗಾರ್‌ನ ಬ್ಯಾಂಕೊಂದರ ಡೇಟಾ ಅನಲಿಸ್ಟ್. ಒಮ್ಮೆ ಭಾಗೀರಥಿಯ ಡಬ್ಬಿಯ ಅವಲಕ್ಕಿ ತಿನ್ನಲು ಮ್ಯಾಚಿಗೆ ಬಂದವನು ಆಮೇಲೆ ಮೈದಾನ ಬಿಟ್ಟು ಕದಲಲೇ ಇಲ್ಲ. ಮೂರನೆಯವರು ಪಟ್ಟಾಭಿರಾಮ, ರಿಟೈರಾದವರು, ಹರೆಯದಲ್ಲಿ ಬೆಂಗಳೂರಿನಲ್ಲಿ ಹಾಕಿ ಆಡಿ ಎರಡು ಹಲ್ಲು ಕಳೆದುಕೊಂಡವರು. ಆ ಹಲ್ಲಿನ ಕಥೆಯನ್ನು ಅವರು ತಿಂಗಳಿಗೊಮ್ಮೆಯಾದರೂ ಹೇಳುತ್ತಾರೆ.

“ಸಿಂಪಲ್ ಅಂಕಲ್,” ದ್ವಾರಕನಾಥ್ ಟ್ಯಾಬ್ ತಿರುಗಿಸಿ ತೋರಿಸಿದ. “ಹಿದಾಯಾ ಲಾಸ್ಟ್ ಸೀಸನ್ ಪೆನಾಲ್ಟಿ ಕಾರ್ನರ್‌ನಲ್ಲೇ ಒಂಬತ್ತು ಗೋಲ್ ಹೊಡೆದಿದಾಳೆ. ನಮ್ಮ ಇಡೀ ಟೀಮ್ ಸೇರಿ ಹೊಡೆದಿದ್ದು ಏಳು! ಈ ಟ್ರೇಡ್ ನಮಗೆ ಲಾಟರಿ.”

“ಗೋಲ್ ಹೊಡೆಯೋಕೆ ಚೆಂಡು ಮೊದಲು ಅಲ್ಲೀವರೆಗೂ ಹೋಗ್ಬೇಕಲ್ಲಪ್ಪಾ,” ಪಟ್ಟಾಭಿರಾಮ ಮೇಜು ಕುಟ್ಟಿದರು. “ಅದನ್ನ ಕಳಿಸ್ತಿದ್ದೋಳು ಯಾರು? ನಡುಮನೆ ಕಂಬ ಕಿತ್ತು ಬಾಗಿಲಿಗೆ ತೋರಣ ಕಟ್ತೀರಲ್ಲ, ಬುದ್ಧಿ ಎಲ್ಲಿಟ್ಟಿದೀರಿ?”

“ಕಂಬ ಅಲ್ಲ ಅಂಕಲ್. ಅನಿಕಾ ಒಳ್ಳೆ ಪ್ಲೇಯರ್‌ರೇ, ಇಲ್ಲ ಅನ್ನಲ್ಲ. ಆದ್ರೆ ಆವರೇಜು…” ಅಷ್ಟರಲ್ಲಿ ಆವರೇಜಿನ ತಾಯಿ ಎದುರಿಗೇ ಕೂತಿರುವುದು ನೆನಪಾಗಿ ದ್ವಾರಕನಾಥ್ ನಾಲಿಗೆ ಕಚ್ಚಿಕೊಂಡ. “ಸಾರಿ ಭಾಗೀರಥಿಯವರೇ. ನೀವೇ ಹೇಳಿ, ನಿಮಗೇನನ್ಸುತ್ತೆ?”

ಭಾಗೀರಥಿಗೆ ಅನ್ನಿಸಿದ್ದು ಬೇಕಾದಷ್ಟಿತ್ತು. ಆದರೆ ಹೇಗೆ ಹೇಳುವುದು? ಹೆತ್ತವರಿಗೆ ಹೆಗ್ಗಣ ಮುದ್ದು ಅಂದುಬಿಡುತ್ತಾರೆ. ಅಂದರೆ ಅನ್ನಲಿ ಎನ್ನೋಣವೆಂದರೆ, ಅದೇ ನಿಜವಿದ್ದರೋ? ಹನ್ನೊಂದು ವರ್ಷ ತಾನು ನೋಡಿದ್ದು ಮಗಳ ಆಟವೋ, ಬರೀ ಮಗಳೋ? “ಟೀಮಿಗೆ ಒಳ್ಳೇದಾಗೋದಾದ್ರೆ ಆಗ್ಲಿ,” ಎಂದು ಕಾಪಿ ಕುಡಿದಳು. ಆಟ ಬಲ್ಲ ಯಾರಾದರೂ, ಅನಿಕಾಳ ತಾಯಿಯಲ್ಲದ ಯಾರಾದರೂ ಅವಳನ್ನು ಅಳೆದು ಹೇಳಬೇಕಿತ್ತು. ಭಾಗೀರಥಿಗೆ ಬೇಕಾಗಿದ್ದು ಅಷ್ಟೇ.

ಆಟದ ವಿಷಯ ಭಾಗೀರಥಿಗೆ ಹೊಸದಲ್ಲ. ಹುಬ್ಬಳ್ಳಿಯಲ್ಲಿ ಅವಳ ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು. ಕ್ವಾರ್ಟರ್ಸಿನ ಹಿಂದಿನ ಕೆಂಪು ಮಣ್ಣಿನ ಮೈದಾನದಲ್ಲಿ, ಅಣ್ಣನ ಹಳೇ ಸ್ಟಿಕ್ಕು ಹಿಡಿದು ಅವಳು ಆಡಿದ್ದೂ ಸೆಂಟರ್ ಹಾಫ್. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಸ್ಟಿಕ್ಕು ಹೋಯಿತು, ಅದರ ಹಿಂದೆಯೇ ಭಾಷೆಯೂ ಹೋಯಿತು. ಮೊದಲ ವಾರವೇ ಅವಳು “ಊಟಕ್ಕ ಬರ್ರಿ” ಎಂದದ್ದಕ್ಕೆ ಗಂಡನ ಮನೆಯ ಹುಡುಗರು ಬಿದ್ದು ಬಿದ್ದು ನಕ್ಕಿದ್ದರು. ಗಂಡ ಉಮೇಶ ಒಳ್ಳೆಯವನು. ಅವನೂ ಸ್ವಲ್ಪ ನಕ್ಕಿದ್ದ. ಸಿಂಗಪುರಕ್ಕೆ ಬಂದ ಮೇಲೆ ಸುತ್ತ ಇದ್ದ ಕನ್ನಡಿಗರೆಲ್ಲ ಬೆಂಗಳೂರು, ಮೈಸೂರಿನವರೇ. ಅವಳ ನಾಲಿಗೆ ಪೂರ್ತಿ ಅವರ ದಾರಿ ಹಿಡಿಯಿತು. ಹುಬ್ಬಳ್ಳಿಯಿಂದ ಅಣ್ಣನ ಫೋನ್ ಬಂದರೆ ಮಾತ್ರ ಚಪ್ಪಲಿ ಮೆಟ್ಟಿ ಹೊರಗಿನ ಕಾಮನ್ ಕಾರಿಡಾರಿಗೆ ಹೋಗಿ, ಬಾಗಿಲೆಳೆದುಕೊಂಡು ಮಾತಾಡುತ್ತಿದ್ದಳು. ಅನಿಕಾಗೆ ಆ ಮಾತು ಒಂದೂ ಗೊತ್ತಿರಲಿಲ್ಲ. ಅಮ್ಮ ಹುಟ್ಟಿನಿಂದಲೇ ಬೆಂಗಳೂರಿನವರ ಹಾಗೆ ಮಾತಾಡುತ್ತಿದ್ದಳೆಂದು ಹುಡುಗಿ ನಂಬಿದ್ದಳು.

ಮಗಳು ಹದಿಮೂರಕ್ಕೆ ಸ್ಟಿಕ್ಕು ಹಿಡಿದಾಗ ಭಾಗೀರಥಿಗೆ ಮತ್ತೆ ಬಾಯಿ ಬಂತು. ಸ್ಟ್ಯಾಂಡಿನ ಮೂರನೆಯ ಮೆಟ್ಟಿಲಲ್ಲಿ ಕೂತು “ಹಿಂದೆ!”, “ಹೊಡಿ!”, “ಬೇಡ!” ಎಂದು ಕೂಗುತ್ತಿದ್ದಳು. ಹಿಂದೆ ಎಂದರೆ ಚೆಂಡನ್ನು ಹಿಂದಿರುವವಳಿಗೆ ಕೊಡು. ಹೊಡಿ ಎಂದರೆ ಹೊಡಿ. ಬೇಡ ಎಂದರೆ ಮುಟ್ಟುವಂತೆ ನಟಿಸಿ ಚೆಂಡನ್ನು ಹಾಗೇ ಹೋಗಲು ಬಿಡು. ಅಮ್ಮ ಕೂಗಿದ್ದನ್ನೇ ಅನಿಕಾ ಮೈದಾನದೊಳಗೆ ಕೂಗಿದಳು. ಅವಳಿಂದ ಗೋಲ್‌ಕೀಪರ್ ಹುಯ್ ಮಿನ್ ಕಲಿತಳು, ಹುಯ್ ಮಿನ್‌ಳಿಂದ ಉಳಿದವರು. ಕೋಚ್ ಲಿಮ್‌ಗೆ ಇದು ಬಹಳ ಹಿಡಿಸಿತು. ಇಂಗ್ಲಿಷ್, ಚೀನೀ, ಮಲಯ, ತಮಿಳು, ಯಾವುದರಲ್ಲಿ ಕೂಗಿದರೂ ಈ ಊರಿನಲ್ಲಿ ಎದುರಾಳಿಗೆ ತಿಳಿಯುತ್ತದೆ. ಕನ್ನಡ ಒಂದೇ ಗುಟ್ಟಾಗಿ ಉಳಿದಿತ್ತು.

ಅದಲು ಬದಲಾದ ಮೇಲೆ ಹೆರನ್ಸ್ ಎರಡು ಮ್ಯಾಚು ಗೆದ್ದರು. ಎರಡರಲ್ಲೂ ಹಿದಾಯಾಳದೇ ಗೋಲು. ಅತ್ತ ಅನಿಕಾಳ ಆಟರ್ಸ್ ಒಂದು ಸೋತು, ಒಂದು ಸಮ ಮಾಡಿಕೊಂಡರು. ದ್ವಾರಕನಾಥ್ ವಾಟ್ಸ್ಯಾಪ್ ಗುಂಪಿನಲ್ಲಿ ದಿನಕ್ಕೊಂದು ಗ್ರಾಫ್ ಹಾಕತೊಡಗಿದ. ಪಟ್ಟಾಭಿರಾಮರ ಬಾಯಿಗೂ ಬೀಗ ಬಿತ್ತು. ಭಾಗೀರಥಿ ಪ್ರತಿ ಗ್ರಾಫಿಗೂ ಹೆಬ್ಬೆರಳು ಒತ್ತಿದಳು. ಒತ್ತಿದೊಡನೆ ಫೋನನ್ನು ಮಗುಚಿ ಇಡುತ್ತಿದ್ದಳು.

ಮೂರನೆಯ ಶನಿವಾರ ಎರಡೂ ತಂಡಗಳು ಎದುರುಬದುರಾದವು. ಭಾಗೀರಥಿ ಎಲ್ಲಿ ಕೂರಬೇಕು? ಹನ್ನೊಂದು ವರ್ಷದ ಅದೇ ಮೂರನೆಯ ಮೆಟ್ಟಿಲಲ್ಲಿ, ಹೆರನ್ಸ್ ಕಡೆಯೇ ಕೂತಳು. ಮಗಳು ದೂರದಿಂದ ಸ್ಟಿಕ್ಕು ಎತ್ತಿ ತೋರಿಸಿದಳು.

ಆಟ ಶುರುವಾಗಿ ಹತ್ತು ನಿಮಿಷದಲ್ಲೇ ಏನೋ ಎಡವಟ್ಟಾಗಿದೆ ಎಂದು ಎಲ್ಲರಿಗೂ ಗೊತ್ತಾಯಿತು. ಹೆರನ್ಸ್ ಹುಡುಗಿಯರು “ಹಿಂದೆ” ಎನ್ನುವಷ್ಟರಲ್ಲಿ ಅನಿಕಾ ಹಿಂದೆ ಇರುತ್ತಿದ್ದಳು. “ಬೇಡ” ಎಂದರೆ ಅವರು ಬಿಟ್ಟ ಚೆಂಡು ನೇರ ಅವಳ ಸ್ಟಿಕ್ಕಿಗೆ. ಹಾಫ್ ಟೈಮಿಗೆ ಆಟರ್ಸ್ ಎರಡು, ಹೆರನ್ಸ್ ಸೊನ್ನೆ.

ಪಟ್ಟಾಭಿರಾಮರಿಗೆ ಮೊದಲು ಹೊಳೆಯಿತು. ಹಣೆ ಹಣೆ ಚಚ್ಚಿಕೊಂಡರು. “ಅಯ್ಯೋ ಮಂಕುಗಳಾ! ಮೂರು ವಾರ ಗೋಲು, ಕಾರ್ನರ್ರು ಅಂತ ಕಿತ್ತಾಡಿದ್ವಿ. ಭಾಷೆ ಯಾರ ಜೊತೆ ಹೋಗುತ್ತೆ ಅಂತ ಒಬ್ಬರಾದ್ರೂ ಯೋಚಿಸಿದ್ವಾ? ಕಳ್ಳನ ಕೈಗೆ ಬೀಗದ ಕೈ ಕೊಟ್ಟು ಮನೆ ಕಾಯ್ತಾ ಕೂತಿದೀವಿ!”

“ಹಂಗಾದ್ರೆ ಅದು ಆಟ ಅಲ್ವಲ್ಲ ಅಂಕಲ್!” ದ್ವಾರಕನಾಥ್ ಸಿಡಿದ. ಸೋಲುತ್ತಿರುವಾಗ ಅವನಿಗೆ ಎದುರಿಗೆ ಯಾರಿದ್ದಾರೆ ಎಂಬುದು ನೆನಪಿರುವುದಿಲ್ಲ. “ಕ್ವೆಶ್ಚನ್ ಪೇಪರ್ ಮೊದಲೇ ಸಿಕ್ಕಿದೆ, ಅದಕ್ಕೆ ಫಸ್ಟ್ ಕ್ಲಾಸ್. ಇದರಲ್ಲಿ ಅನಿಕಾದು ಏನಿದೆ?”

ಭಾಗೀರಥಿಯ ಮುಖ ಕೆಂಪಾಯಿತು. ಅಷ್ಟರಲ್ಲಿ ಕೋಚ್ ಲಿಮ್ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದ. ಅವನಿಗೂ ಅದೇ ಹೊಳೆದಿತ್ತು. “ಆಂಟಿ, ಬೇರೆ ಮಾತು ಕೊಡಿ,” ಎಂದು ಇಂಗ್ಲಿಷಿನಲ್ಲಿ ಅಂಗಲಾಚಿದ. “ಅವಳಿಗೆ ಗೊತ್ತಿಲ್ಲದ ಮೂರೇ ಮೂರು ಮಾತು. ಐದು ನಿಮಿಷ ಇದೆ.” ಆಮೇಲೆ ತಾನು ಯಾರ ತಾಯಿಯನ್ನು ಕೇಳುತ್ತಿದ್ದೇನೆಂದು ನೆನಪಾಗಿ ತಲೆ ಕೆರೆದುಕೊಂಡ. “ಬೇಡ ಅಂದರೂ ಬೇಜಾರಿಲ್ಲ, ಆಂಟಿ.”

ಅವಳಿಗೆ ಗೊತ್ತಿಲ್ಲದ ಕನ್ನಡ! ಭಾಗೀರಥಿ ಮೈದಾನದ ಆಚೆ ನೋಡಿದಳು. ಮಗಳು ನೀರು ಕುಡಿಯುತ್ತ, ಹೊಸ ಗೆಳತಿಯರಿಗೆ ಕೈ ಬೀಸಿ ಏನೋ ವಿವರಿಸುತ್ತಿದ್ದಳು. ಕೊಡದಿದ್ದರೆ ಅನಿಕಾ ಗೆಲ್ಲುತ್ತಾಳೆ, ಆದರೆ ಆ ಗೆಲುವಿಗೆ ದ್ವಾರಕನಾಥನ ಮಾತು ಜೀವಮಾನವಿಡೀ ಅಂಟಿಕೊಳ್ಳುತ್ತದೆ. ಕೊಟ್ಟರೆ? ಕೊಟ್ಟರೆ ಗೊತ್ತಾಗುತ್ತದೆ, ತಾನು ನೋಡಿದ್ದು ಆಟವೋ ಬರೀ ಮಗಳೋ ಎಂದು.

“ಬರ್ಕೋ,” ಎಂದಳು ಲಿಮ್‌ಗೆ. “ಹಿಂದೆ ಅನ್ನೋದಕ್ಕೆ ಹೊಳ್ಳಿ. ಹೊಡಿ ಅನ್ನೋದಕ್ಕೆ ಒಗಿ. ಬೇಡ ಅನ್ನೋದಕ್ಕೆ ಒಲ್ಲೆ.”

ಇಷ್ಟು ವರ್ಷ ಕಾರಿಡಾರಿನಲ್ಲಿ ಪಿಸುಗುಟ್ಟಿದ ಮಾತುಗಳು ಐದು ನಿಮಿಷದಲ್ಲಿ ಮೈದಾನಕ್ಕಿಳಿದವು. “ಹೊಳ್ಳಿ!” ಎಂದು ಹುಯ್ ಮಿನ್ ಗೋಲಿನಿಂದ ಗರ್ಜಿಸಿದಳು, ರೈಲ್ವೆ ಕ್ವಾರ್ಟರ್ಸಿನಲ್ಲೇ ಹುಟ್ಟಿ ಬೆಳೆದವಳ ಹಾಗೆ. ಅಣ್ಣ ಕೇಳಬೇಕಿತ್ತು, ಅಪ್ಪ ಕೇಳಬೇಕಿತ್ತು! ಭಾಗೀರಥಿಗೆ ನಗುವೂ ಬಂತು, ಕಣ್ಣೂ ತುಂಬಿತು.

ಮೈದಾನದ ನಡುವೆ ಅನಿಕಾ ತಬ್ಬಿಬ್ಬಾದಳು. ಒಮ್ಮೆ ಎಡಕ್ಕೆ ಓಡಿದಳು, ಚೆಂಡು ಬಲಕ್ಕೆ ಹೋಯಿತು. ಹೆರನ್ಸ್‌ಗೆ ಎರಡು ಪೆನಾಲ್ಟಿ ಕಾರ್ನರ್ ಸಿಕ್ಕಿದವು, ಹಿದಾಯಾ ಎರಡನ್ನೂ ಗೋಲಿಗೆ ಸೇರಿಸಿದಳು. ಎರಡಕ್ಕೆ ಎರಡು. “ನಾನು ಹೇಳಿರ್ಲಿಲ್ವಾ?” ಎಂದು ದ್ವಾರಕನಾಥ್ ಮೆಟ್ಟಿಲ ಮೇಲೆ ಕುಣಿದ. ಅನಿಕಾ ತಲೆಯೆತ್ತಿ ಮೂರನೆಯ ಮೆಟ್ಟಿಲ ಕಡೆ ನೋಡಿದಳು. ಭಾಗೀರಥಿ ಸೆರಗಿನ ತುದಿ ಕಚ್ಚಿ ಕೂತಳು. ಕೈಯಾರೆ ಮಗಳ ಕಾಲಿಗೆ ಹಗ್ಗ ಕಟ್ಟಿದೆನಲ್ಲ ಎನ್ನಿಸಿತು.

ಆಮೇಲೆ ಹುಡುಗಿ ಓಡುವುದನ್ನೇ ಕಡಿಮೆ ಮಾಡಿದಳು. ನಡುವಿನಲ್ಲಿ ನಿಂತು ಸುಮ್ಮನೆ ನೋಡತೊಡಗಿದಳು. ಎರಡು ಚೆಂಡು ಪಕ್ಕದಲ್ಲೇ ಹೋದರೂ ಬಿಟ್ಟಳು. “ಸುಸ್ತಾಯ್ತು ಕಣ್ರೀ ಅವಳಿಗೆ,” ಎಂದ ದ್ವಾರಕನಾಥ್.

“ಬಾಯ್ಮುಚ್ಚಯ್ಯಾ,” ಎಂದರು ಪಟ್ಟಾಭಿರಾಮ. “ಅವಳು ಕೇಳಿಸ್ಕೋತಿದಾಳೆ.”

ಹೌದು, ಕೇಳಿಸಿಕೊಳ್ಳುತ್ತಿದ್ದಳು. ಯಾವ ಮಾತಿಗೆ ಯಾರ ಭುಜ ಎತ್ತ ತಿರುಗುತ್ತದೆ, ಯಾರ ಕಾಲು ಎಲ್ಲಿ ಊರುತ್ತದೆ ಎಂದು ಅಳೆಯುತ್ತಿದ್ದಳು. ಭಾಗೀರಥಿ ಬೆರಳು ಮಡಚಿ ನಿಮಿಷ ಎಣಿಸಿದಳು: ಮೂರು ಉಳಿದಿವೆ, ಎರಡು ಉಳಿದಿವೆ. ಹಿದಾಯಾಳ ಸ್ಟಿಕ್ಕಿನಲ್ಲಿ ಚೆಂಡು, ಹಿಂದಿನಿಂದ ಒಬ್ಬಳ ಕೂಗು: “ಹೊಳ್ಳಿ!” ಹಿದಾಯಾ ಹಿಂದಕ್ಕೆ ತಳ್ಳಿದಳು. ಅಲ್ಲಿ ಅನಿಕಾ ಆಗಲೇ ಬಂದು ನಿಂತಿದ್ದಳು.

ಸ್ಟ್ಯಾಂಡಿಗೆ ಸ್ಟ್ಯಾಂಡೇ ಎದ್ದಿತು. ಒಬ್ಬಳನ್ನು ದಾಟಿದಳು, ಇನ್ನೊಬ್ಬಳನ್ನು ದಾಟಿದಳು, ಗೋಲಿನ ಮುಂದಿದ್ದ ತನ್ನ ಗೆಳತಿಗೆ ಚೆಂಡು ಅಟ್ಟಿ ಗಂಟಲು ಹರಿಯುವಂತೆ ಕೂಗಿದಳು:

“ಒಗೀ!”

ಆ ಜುರಾಂಗ್ ಹುಡುಗಿ ಆ ಮಾತನ್ನು ಎಂದೂ ಕಲಿತವಳಲ್ಲ. ಆದರೆ ಗೋಲಿನ ಮುಂದೆ ಚೆಂಡು ಬಂದಾಗ ಬೇರೆ ಇನ್ನೇನು ಹೇಳುತ್ತಾರೆ? ಒಗೆದಳು. ಆಟರ್ಸ್ ಮೂರು, ಹೆರನ್ಸ್ ಎರಡು. ಕೊನೆಯ ಸೀಟಿ ಮೊಳಗಿತು.

ಹೆರನ್ಸ್ ಕಡೆಯ ಮೆಟ್ಟಿಲುಗಳೆಲ್ಲ ಪೆಚ್ಚಾಗಿ ಕೂತಿದ್ದವು. ನಡುವೆ ಒಬ್ಬಳೇ ಎದ್ದು ನಿಂತು ಚಪ್ಪಾಳೆ ತಟ್ಟಿದಳು, ಅಂಗೈ ಉರಿಯುವವರೆಗೂ ತಟ್ಟಿದಳು. ಸೋತ ಕೋಚ್ ಲಿಮ್ ಮೆಟ್ಟಿಲ ಬುಡಕ್ಕೆ ಬಂದು, “ಹಿದಾಯಾ ಒಳ್ಳೆಯ ಆಟಗಾರ್ತಿ ಆಂಟಿ, ಅದರಲ್ಲಿ ತಪ್ಪಿಲ್ಲ,” ಎಂದ. “ಆದರೆ ಇಂಥ ಇನ್ನೊಬ್ಬಳು ನನಗೆ ಸಿಗುವುದಿಲ್ಲ. ಕೊಟ್ಟಿದ್ದು ನನ್ನ ತಪ್ಪು.” ದ್ವಾರಕನಾಥ್ ಟ್ಯಾಬನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದ. “ಇದನ್ನ ಯಾವ ಕಾಲಮ್ಮಿಗೆ ಹಾಕೋದೋ ಗೊತ್ತಾಗ್ತಿಲ್ಲ. ನಾನು ಅಂದಿದ್ದು ತಪ್ಪಾಯ್ತು ಭಾಗೀರಥಿಯವರೇ,” ಎಂದ. ಅವಳು ಅದಾಗಲೇ ಮೆಟ್ಟಿಲಿಳಿಯುತ್ತಿದ್ದಳು.

ಅನಿಕಾ ಬೆವರು ಸುರಿಸುತ್ತ ಓಡಿ ಬಂದಳು. “ಅಮ್ಮ! ನೀನೇ ತಾನೇ ಹೇಳ್ಕೊಟ್ಟಿದ್ದು?”

“ಹೂಂ.”

“ಅದ್ಯಾವ ಭಾಷೆ?”

“ನಂದು,” ಎಂದಳು ಭಾಗೀರಥಿ. “ಹುಬ್ಬಳ್ಳೀದು. ನಾನು ನಿನ್ನ ವಯಸ್ಸಲ್ಲಿ ಮಾತಾಡ್ತಿದ್ದಿದ್ದು.”

ಅನಿಕಾಳ ಮುಖದ ನಗು ನಿಂತಿತು. “ಹುಯ್ ಮಿನ್‌ಗೆ ಐದು ನಿಮಿಷದಲ್ಲಿ ಕೊಟ್ಟೆ. ನಂಗೆ ಇಪ್ಪತ್ನಾಲ್ಕು ವರ್ಷ ಯಾಕೆ ಕೊಡ್ಲಿಲ್ಲ ಅಮ್ಮ?”

ಯಾರೋ ಯಾವತ್ತೋ ನಕ್ಕಿದ್ದರೆಂಬುದು ಭಾಗೀರಥಿಗೆ ಈಗ ಉತ್ತರವೆನ್ನಿಸಲಿಲ್ಲ. ಸುತ್ತ ಹೆರನ್ಸ್, ಆಟರ್ಸ್, ಪಟ್ಟಾಭಿರಾಮ, ದ್ವಾರಕನಾಥ್ ಎಲ್ಲರೂ ನಿಂತಿದ್ದರು. ಅವಳು ಚೀಲದಿಂದ ಅವಲಕ್ಕಿಯ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ, ಎಲ್ಲರಿಗೂ ಕೇಳುವಂತೆ ಹೇಳಿದಳು:

“ಡಬ್ಬ್ಯಾಗ ಚೂಡಾ ಐತಿ. ಹಸದಿರಬೇಕು, ತಿಂತೀಯೇನವಾ?”

ಯಾರೂ ನಗಲಿಲ್ಲ. ಅನಿಕಾ ಒಂದು ಕ್ಷಣ ಅಮ್ಮನ ತುಟಿಯನ್ನೇ ನೋಡಿದಳು, ಮೈದಾನದ ನಡುವೆ ನಿಂತು ನೋಡಿದ ಹಾಗೆಯೇ. ಆಮೇಲೆ ಡಬ್ಬಿಗೆ ಕೈ ಹಾಕಿದಳು.

“ಒಲ್ಲೆ ಅನ್ನಲ್ಲ,” ಎಂದಳು.