ಕಮರಿಯ ಬಾಯಲ್ಲಿ ಹನ್ನೊಂದೂವರೆ

ಮಿರಜಿನ ವಿಜಯಕುಮಾರ ಮಗದೂಮರಿಗೆ ಐವತ್ತಾರು ವರ್ಷ. ಕುಪವಾಡದ ಕೈಗಾರಿಕಾ ವಸಾಹತು ಎಂಐಡಿಸಿಯಲ್ಲಿ ಅವರದೊಂದು ಸಣ್ಣ ಕಾರ್ಖಾನೆ. ನದಿಯ ನೀರನ್ನು ಎತ್ತಿ ಹೊಲಗಳಿಗೆ ಹಾಯಿಸುವ ಪಂಪುಗಳಿಗೆ ಅಲ್ಲಿ ವಾಲ್ವ್ ಮಾಡುತ್ತಾರೆ. ಒಂದೊಂದು ವಾಲ್ವಿನ ಜೊತೆಗೂ ನಾಲ್ಕು ಪುಟದ ತಪಾಸಣೆ ವರದಿ ಹೋಗುತ್ತದೆ. ತೊಂದರೆಯೆಂದರೆ, ಕಾರ್ಖಾನೆಯ ಗೇಟಿನ ಹೊರಗೂ ಅವರು ಹಾಗೆಯೇ ಬದುಕುತ್ತಾರೆ. ಮಗಳು ಸಂಪದಾಳ ಮದುವೆಯಲ್ಲಿ ಬೀಗರು ಆರು ನಿಮಿಷ ಮೊದಲೇ ಬಂದರೆಂದು ಅವರನ್ನು ಮಂಗಲ ಕಾರ್ಯಾಲಯದ ಬಾಗಿಲಲ್ಲಿ ಬಿಸಿಲಿಗೆ ನಿಲ್ಲಿಸಿ, ಹೊತ್ತಿಗೆ ಸರಿಯಾಗಿ ಆರತಿ ಎತ್ತಿಸಿದ ಮನುಷ್ಯ. ಬೀಗತಿ ಇಂದಿಗೂ ಆ ಮಾತು ತೆಗೆಯುತ್ತಾರೆ.

ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ನಡೆಯಲು ಹೇಳಿದರು. ವಿಜಯಕುಮಾರರು ಮುಂಜಾನೆ ಮೈದಾನದಲ್ಲಿ ನಡೆಯುವವರ ಗುಂಪೊಂದನ್ನು ಸೇರಿದರು. ಒಂದೇ ತಿಂಗಳಲ್ಲಿ ಅದರ ಕಾರ್ಯದರ್ಶಿಯೂ ಆದರು. ಮನೆಯಿಂದ ಮೈದಾನಕ್ಕೆ ಮಾತ್ರ ಸ್ಕೂಟರಿನ ಮೇಲೆ ಹೋಗುತ್ತಿದ್ದರು.

ಆ ಗುಂಪಿನಲ್ಲಿ ತುಷಾರ ಎಂಬ ಹಲ್ಲಿನ ಡಾಕ್ಟರನಿದ್ದ. ಮೂವತ್ತರ ಹರೆಯದವನು. ಅವನು ಹಿಮಾಲಯಕ್ಕೆ ಹೋಗಿ ಬಂದು, ಹಿಮದ ಬೆಟ್ಟಗಳ ಕೆಳಗಿನ ಹುಲ್ಲುಗಾವಲಿನಲ್ಲಿ ಕೈ ಚಾಚಿ ನಿಂತ ಫೋಟೋಗಳನ್ನು ಎಲ್ಲರಿಗೂ ತೋರಿಸಿದ. ಕಾಕಾ, ಈ ವಯಸ್ಸಿನಲ್ಲಿ ಇದು ನಿಮ್ಮಿಂದ ಆಗುವ ಕೆಲಸವಲ್ಲ ಎಂದು ಮರಾಠಿಯಲ್ಲಿ ನಕ್ಕು ಹೇಳಿದ. ವಿಜಯಕುಮಾರರಿಗೆ ಆ ನಗು ನಾಟಿತು. ಹಿಮಾಲಯ ಯಾಕೆ ಬೇಕು, ನಮ್ಮ ಸಹ್ಯಾದ್ರಿಯಲ್ಲೇ ಹೂವಿನ ಬಯಲೂ ಇದೆ, ಕಮರಿಯೂ ಇದೆ, ಎರಡನ್ನೂ ಒಂದೇ ದಿನದಲ್ಲಿ ದಾಟಿಸುತ್ತೇನೆ ಎಂದು ಎಲ್ಲರ ಮುಂದೆ ಘೋಷಿಸಿಬಿಟ್ಟರು.

ಮುಂದಿನ ಹನ್ನೊಂದು ತಿಂಗಳು ಯೋಜನೆ ನಡೆಯಿತು. ಪೂರ್ವದ ಹಳ್ಳಿಯಿಂದ ಬೆಳಗಿನ ಜಾವ ಗುಡ್ಡ ಹತ್ತುವುದು. ಮೇಲಿನ ಪಠಾರ, ಅಂದರೆ ಹುಲ್ಲು ಹೂವು ತುಂಬಿದ ಚಪ್ಪಟೆ ನೆತ್ತಿ, ಅದನ್ನು ಆರು ಕಿಲೋಮೀಟರು ದಾಟುವುದು. ಪಶ್ಚಿಮದ ಅಂಚಿನಲ್ಲಿ ಬಾಯ್ದೆರೆದ ಕಮರಿಯಲ್ಲಿ ಹಗ್ಗ ಹಿಡಿದು ಇಳಿದು ಕೊಂಕಣದ ಹಳ್ಳಿಗೆ ಹೊರಬೀಳುವುದು. ಒಟ್ಟು ಹದಿನೇಳು ಕಿಲೋಮೀಟರು. ಮಳೆಗಾಲದಲ್ಲಿ ಹೂವು ಇರುತ್ತದೆ, ಆದರೆ ಕಮರಿಯಲ್ಲಿ ನೀರು ಭೋರ್ಗರೆಯುತ್ತದೆ. ದೀಪಾವಳಿ ದಾಟಿದರೆ ನೀರು ಇಳಿಯುತ್ತದೆ, ಹೂವು ಒಣಗುತ್ತದೆ. ಅಕ್ಟೋಬರಿನ ನಡುವಿನ ಒಂದು ಭಾನುವಾರವೇ ಸರಿಯೆಂದು ಲೆಕ್ಕ ಹಾಕಿದರು. ಚಾತುರ್ಮಾಸದಲ್ಲಿ ಹಸಿರು ಹುಲ್ಲು ತುಳಿಯುವುದೇ, ಅದರಲ್ಲಿ ಎಷ್ಟು ಜೀವಗಳಿರುತ್ತವೆ ಎಂದು ತಾಯಿ ಜಿನಮತಿ ಬೇಸರಪಟ್ಟುಕೊಂಡರು. ಬಂಡೆ ಮತ್ತು ಕಾಲುದಾರಿಯ ಮೇಲಷ್ಟೇ ಕಾಲಿಡಬೇಕೆಂದು ವಿಜಯಕುಮಾರರು ಇನ್ನೊಂದು ನಿಯಮ ಸೇರಿಸಿ ತಾಯಿಗೆ ಓದಿ ಹೇಳಿದರು.

ಯೋಜನೆ ನಲವತ್ತೊಂದು ಪುಟವಾಯಿತು. ವಾರಕ್ಕೊಮ್ಮೆ ಮನೆಯಲ್ಲಿ ಸಭೆ. ಈರುಳ್ಳಿ, ಬಟಾಟಿ ಇಲ್ಲದ ಅವಲಕ್ಕಿ ತಿಂದು ಹದಿನಾಲ್ಕು ಜನ ತಲೆಯಾಡಿಸುತ್ತಿದ್ದರು. ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿದ್ದ ನಿಯಮ ಇದು: ಹನ್ನೊಂದೂವರೆಯೊಳಗೆ ಕಮರಿಯ ಬಾಯಲ್ಲಿ ಇಳಿಯಲು ಶುರು ಮಾಡದಿದ್ದರೆ, ಯಾರೇ ಇರಲಿ, ಹಿಂದಿರುಗಬೇಕು. ಕಾರಣ, ಬೆಳಕಿರುವಾಗಲೇ ಕೆಳಗೆ ತಲುಪಿ ಉಣ್ಣಬೇಕು; ಸೂರ್ಯ ಮುಳುಗಿದ ಮೇಲೆ ವಿಜಯಕುಮಾರರು ಊಟವಿರಲಿ, ನೀರೂ ಮುಟ್ಟುವುದಿಲ್ಲ. ಹದಿನೆಂಟನೇ ವಯಸ್ಸಿನಿಂದ ಪಾಲಿಸಿಕೊಂಡು ಬಂದ ಜೈನ ವ್ರತ.

ಇಷ್ಟೆಲ್ಲದರ ನಡುವೆ ಅವರು ನಿಜವಾಗಿ ನಡೆದದ್ದು ಕಡಿಮೆ. ಅಭ್ಯಾಸಕ್ಕೆಂದು ಎರಡು ಸಲ ದಂಡೋಬಾ ಗುಡ್ಡ ಹತ್ತಿದರು. ಎರಡೂ ಸಲ ಅವರ ಚೀಲ ಹೊತ್ತವರು ಹೆಂಡತಿ ಅಲಕಾ. ಮ್ಹೈಸಾಳದ ಒಕ್ಕಲುತನದ ಮನೆಯ ಮಗಳು ಆಕೆ. ಹುಡುಗಿಯಾಗಿದ್ದಾಗ ಕಬ್ಬಿನ ಗದ್ದೆಯಿಂದ ಮೇವಿನ ಹೊರೆ ಹೊತ್ತು ನದಿಯ ದಂಡೆ ಹತ್ತಿದವರು. ಈಗಲೂ ಬಸದಿ, ಸಂತೆ, ನೆಂಟರ ಮನೆ ಎಲ್ಲವೂ ನಡಿಗೆಯಲ್ಲೇ, ಏಕೆಂದರೆ ಸ್ಕೂಟರು ಮೈದಾನಕ್ಕೆ ಹೋಗಿರುತ್ತಿತ್ತು.

ದಿನ ಹತ್ತಿರ ಬಂದಂತೆ ಹದಿನಾಲ್ಕು ಜನರಲ್ಲಿ ಒಬ್ಬರಿಗೆ ಮೊಣಕಾಲು ನೋವು ಬಂತು, ಒಬ್ಬರ ಮನೆಗೆ ನೆಂಟರು ಬಂದರು, ಕೆಲವರ ಫೋನು ಹತ್ತಲೇ ಇಲ್ಲ. ಕೊನೆಗೆ ಉಳಿದವರು ವಿಜಯಕುಮಾರ ಮತ್ತು ತುಷಾರ. ಸಂಖ್ಯೆ ತೀರ ಕಡಿಮೆ ಕಾಣಿಸುತ್ತದೆಂದು ಅಲಕಾರನ್ನೂ ಕರೆದುಕೊಂಡರು.

ಬಾಡಿಗೆ ಜೀಪು ಅವರನ್ನು ಪೂರ್ವದ ಹಳ್ಳಿಯಲ್ಲಿ ಇಳಿಸಿ, ಘಾಟು ಸುತ್ತಿ ಕೊಂಕಣದ ಕಡೆಗೆ ಹೋಯಿತು. ದಾರಿ ತೋರಿಸಲು ಕೋಂಡಿಬಾ ಎಂಬ ಗುಡ್ಡದ ದನಗಾಹಿ ಬಂದ. ಅರವತ್ತು ದಾಟಿದವನು, ಹಗ್ಗ ಹೆಗಲಿಗೆ, ಕಾಲಿಗೆ ಹವಾಯಿ ಚಪ್ಪಲಿ. ವಿಜಯಕುಮಾರರು ಅವನ ಕೈಗೂ ಯೋಜನೆಯ ಪ್ರತಿ ಕೊಟ್ಟರು. ಅವನು ಅದನ್ನು ಮಡಚಿ ಟೋಪಿಯೊಳಗಿಟ್ಟುಕೊಂಡ.

ಪಠಾರದ ಮೇಲೆ ಮಂಜು ಸರಿಯುತ್ತಿತ್ತು. ನೇರಳೆ, ಹಳದಿ ಹೂವು ಕಣ್ಣು ಹಾಯಿಸಿದಷ್ಟು ದೂರಕ್ಕೆ. ವಿಜಯಕುಮಾರರು ಗಡಿಯಾರ ನೋಡುತ್ತಾ ನಡೆದರು. ಕಮರಿಯ ಬಾಯಿ ಮುಟ್ಟಿದಾಗ ಹನ್ನೊಂದು ಗಂಟೆ ಐದು ನಿಮಿಷ. ಇಪ್ಪತ್ತೈದು ನಿಮಿಷ ಮೊದಲೇ.

ಅಲ್ಲಿ ಅವರು ಕೆಳಗೆ ನೋಡಿದರು. ಎರಡೂ ಬದಿ ಕರಿ ಬಂಡೆಯ ಗೋಡೆ, ನಡುವೆ ಕತ್ತಲು, ಎಲ್ಲೋ ಆಳದಲ್ಲಿ ನೀರಿನ ಸದ್ದು. ಹನ್ನೊಂದು ತಿಂಗಳು ಅವರು ನಕಾಶೆಯ ಮೇಲೆ ಬೆರಳಾಡಿಸಿ ಇಳಿದ ಜಾಗ ಇದೇ. ಅವರು ಎರಡು ಹೆಜ್ಜೆ ಹಿಂದೆ ಸರಿದು, ಮೊದಲು ಎಲ್ಲರೂ ಸ್ವಲ್ಪ ತಿನ್ನಬೇಕು ಎಂದರು. ದಶಮಿ ರೊಟ್ಟಿ, ಶೇಂಗಾ ಚಟ್ನಿ ಹೊರಬಂದವು. ತಿಂದಾದ ಮೇಲೆ ಬೂಟಿನ ಲೇಸು ಬಿಚ್ಚಿ ಕಟ್ಟಿದರು. ಹೂವುಗಳ ಶಾಸ್ತ್ರೀಯ ಹೆಸರು ಹೇಳಿದರು, ಒಮ್ಮೆ ಹೇಳಿದ್ದನ್ನೇ ಮತ್ತೆ ಹೇಳಿದರು. ಇಷ್ಟಾಗಿ ಗಡಿಯಾರ ನೋಡಿದಾಗ ಹನ್ನೊಂದು ಮೂವತ್ತೆರಡು.

“ಹೊತ್ತು ಮೀರಿತು,” ಎಂದರು. “ನಿಯಮ ಅಂದ್ರ ನಿಯಮ. ತಿರಗಿ ಹೋಗೂಣು.”

ತುಷಾರ ತಕ್ಷಣ ಒಪ್ಪಿಕೊಂಡ. ಅವನೂ ಅಷ್ಟೊತ್ತಿನಿಂದ ಕೆಳಗೆ ನೋಡಿರಲಿಲ್ಲ. ಹಿಮಾಲಯದಲ್ಲೂ ಶಿಸ್ತೇ ಮುಖ್ಯ ಎಂದು ಸೇರಿಸಿದ.

ಅಲಕಾ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಳ್ಳುತ್ತಿದ್ದರು. “ನಾ ಇಳೀತೇನ್ರಿ. ಕೋಂಡಿಬಾ ಕಾಕಾ ಅದಾರ. ನೀವು ಹುಷಾರಾಗಿ ಹೋಗ್ರಿ.” ಅಷ್ಟು ಹೇಳಿ ಹಗ್ಗ ಹಿಡಿದರು. ಐದು ನಿಮಿಷದಲ್ಲಿ ಅವರ ಹಸಿರು ಸೆರಗು ಬಂಡೆಯ ಮರೆಗೆ ಹೋಯಿತು.

ಹಿಂದಿರುಗುವಾಗ, ಪಠಾರದ ನಡುವೆ, ವಿಜಯಕುಮಾರರಿಗೆ ಒಂದು ಸಂಗತಿ ಹೊಳೆಯಿತು. ನಲವತ್ತೊಂದು ಪುಟದಲ್ಲಿ ಹಿಂದಿರುಗುವ ನಿಯಮವಿತ್ತು; ಹಿಂದಿರುಗಿದವರಿಗೆ ಗಾಡಿ ಇರಲಿಲ್ಲ. ಜೀಪು ಕೊಂಕಣದಲ್ಲಿ. ಫೋನಿಗೆ ಸಿಗ್ನಲ್ ಇಲ್ಲ. ಗುಡ್ಡ ಇಳಿದು ಹಳ್ಳಿಯಲ್ಲಿ ಎರಡು ತಾಸು ಕುಳಿತರು. ಕೊನೆಗೆ ಹಾಲಿನ ಟೆಂಪೋದ ಹಿಂಬದಿಯಲ್ಲಿ, ಕ್ಯಾನುಗಳ ನಡುವೆ ಕುಕ್ಕರಗಾಲಲ್ಲಿ ಕುಳಿತು ಘಾಟು ಇಳಿದರು. ತಿರುವು ತಿರುವಿಗೂ ತುಷಾರ ವಾಂತಿ ಮಾಡಿಕೊಂಡ. ವಿಜಯಕುಮಾರರಿಗೆ ಹಸಿವಿಗಿಂತ ಹೆಚ್ಚಾಗಿ ಆ ಕತ್ತಲು, ಆ ನೀರಿನ ಸದ್ದು ಕಾಡುತ್ತಿತ್ತು. ಅಲಕಾರಿಗೆ ಏನಾದರೂ ಆಗಿದ್ದರೆ ತಾಯಿಗೆ ಏನು ಹೇಳುವುದು, ಮಗಳಿಗೆ ಏನು ಹೇಳುವುದು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಪದಗಳನ್ನು ಜೋಡಿಸಿದರು. ಒಂದೂ ಹೊಂದಲಿಲ್ಲ.

ಅವರು ಕೊಂಕಣದ ಹಳ್ಳಿ ತಲುಪಿದಾಗ ಸೂರ್ಯ ಮುಳುಗಿ ಅರ್ಧ ತಾಸಾಗಿತ್ತು. ಕೋಂಡಿಬಾನ ತಂಗಿಯ ಮನೆಯ ಅಂಗಳದಲ್ಲಿ ಅಲಕಾ ಕುಳಿತಿದ್ದರು. ನಾಲ್ಕೂವರೆಗೇ ಹೊರಬಿದ್ದು, ಕೈಕಾಲು ತೊಳೆದು, ಬೆಳಕಿರುವಾಗಲೇ ಉಂಡಿದ್ದರು. ಅಂಗೈ ತರಚಿತ್ತು, ಸೀರೆ ಸೊಂಟದವರೆಗೂ ಒದ್ದೆ. ಗಂಡನ ಊಟದ ಡಬ್ಬಿ ಹಾಗೆಯೇ ಕಟ್ಟಿಟ್ಟಿತ್ತು. ವಿಜಯಕುಮಾರರು ಅದನ್ನು ನೋಡಿದರು, ಆಕಾಶವನ್ನೂ ನೋಡಿದರು, ಮುಟ್ಟಲಿಲ್ಲ.

ಜೀಪಿನಲ್ಲಿ ತುಷಾರ ನಿದ್ದೆ ಹೋದ ಮೇಲೆ ಅವರು ಮೆಲ್ಲಗೆ ಕೇಳಿದರು, ಕಮರಿ ಹೇಗಿತ್ತೆಂದು.

“ಛಲೋ ಇತ್ರಿ. ನೀವು ಒಂದ ಕಡೆ ಬಲಕ್ಕ ಹೊಳ್ಳಬೇಕು ಅಂತ ಬರದಿದ್ರಿ. ಬಲಕ್ಕ ಬರೇ ಗ್ವಾಡಿ ಐತಿ.”

ವಿಜಯಕುಮಾರರು ಡ್ರೈವರಿಗೆ ಕೇಳಿಸದಂತೆ ಅಂದರು, “ನಾ ಅಂಜಿದ್ನಿ.”

“ಗೊತ್ತೈತಿ. ಹೂವಿನ ಹೆಸರು ಎರಡೆರಡು ಸಲ ಹೇಳಾಕ ಹತ್ತಿದಾಗ ಗೊತ್ತಾತು.”

ಮರುದಿನ ಗುಂಪಿನ ವಾಟ್ಸಾಪಿನಲ್ಲಿ ವಿಜಯಕುಮಾರರ ವರದಿ ಬಂತು. ಮೋಹಿಮು, ಅಂದರೆ ದಂಡಯಾತ್ರೆ, ಯಶಸ್ವಿ. ಮುಂಚೂಣಿ ತಂಡ ಕಮರಿಯ ಮೂಲಕವೂ, ಮುಖ್ಯ ತಂಡ ಪರ್ಯಾಯ ಮಾರ್ಗದಲ್ಲೂ ಗುರಿ ಮುಟ್ಟಿದವು. ಮುಂಚೂಣಿ ತಂಡದಲ್ಲಿ ಯಾರಿದ್ದರೆಂಬುದು ವರದಿಯಲ್ಲಿರಲಿಲ್ಲ. ಐವತ್ತು ಜನ ಕೈಮುಗಿದ ಚಿತ್ರ ಕಳಿಸಿದರು.

ಎರಡು ವಾರದ ನಂತರ ಮೈದಾನದ ಪಕ್ಕದ ಸಭಾಗೃಹದಲ್ಲಿ ಸನ್ಮಾನ. ತುಷಾರನಿಗೆ ಶಾಲು, ವಿಜಯಕುಮಾರರಿಗೆ ಶಾಲು ಮತ್ತು ಪೇಟ. ಹಿಮಾಲಯದಲ್ಲೂ ಇಂಥ ಕಷ್ಟ ಕಂಡಿರಲಿಲ್ಲ ಎಂದು ತುಷಾರ ಮಾತಾಡಿದ; ಅದಷ್ಟು ನಿಜ, ಹಾಲಿನ ಕ್ಯಾನುಗಳು ಅಲ್ಲಿರಲಿಲ್ಲ. ಅಲಕಾ ವೈನಿ ಎಲ್ಲಿ ಎಂದು ಯಾರೋ ಕೇಳಿದರು. ಅಲಕಾ ಅಂದು ಬೆಳಗಿನ ಮೊದಲ ಎಸ್‌ಟಿ ಬಸ್ಸಿಗೆ ಬಸದಿಯ ಗೆಳತಿಯರು ಮೂವರನ್ನು ಕರೆದುಕೊಂಡು ಒಂದು ಕೋಟೆ ಹತ್ತಲು ಹೋಗಿದ್ದರು. ಹಿಂದಿನ ಸಂಜೆಯಷ್ಟೇ ನಿಶ್ಚಯಿಸಿದ್ದು.

ಭಾಷಣದ ನಡುವೆ ವಿಜಯಕುಮಾರರ ಫೋನು ನಡುಗಿತು. ನಾಲ್ವರು ಹೆಂಗಸರು ಬುರುಜಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತ ಫೋಟೋ. ಅವರು ಮಾತು ನಿಲ್ಲಿಸಿ, ಕನ್ನಡಕ ಹಾಕಿಕೊಂಡು, ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ, ಅಲಕಾ ಕುಳಿತ ಕಲ್ಲು ಗಟ್ಟಿಯಾಗಿದೆಯೇ ಎಂದು ಬಹಳ ಹೊತ್ತು ನೋಡಿದರು.