ಗಿರಿಜಕ್ಕನ ಬಾವಿಗೆ ನಾನು ಮಾಡಿಕೊಟ್ಟ ಚರಂಡಿ

ಹಾಡಿಯ ಅಕೇಶಿಯಾ ಕಡಿಸುವ ಮೊದಲು ನಾವು ನಾಗನ ಹತ್ತಿರ ಪರ್ಮಿಷನ್ ತೆಗೆದುಕೊಂಡೆವು.

ತಮಾಷೆಯಲ್ಲ. ಯಡ್ತರೆಯಲ್ಲಿ ನಮ್ಮ ಮನೆ ಹಿಂದಿನ ಮರಗಾಡಿನ ಗುಡ್ಡವೇ ಈ ಹಾಡಿ, ಅದರೊಳಗೆ ನಾಗನ ಕಲ್ಲಿರುವ ನಾಗಬನ ಇದೆ. ಭಟ್ಟರನ್ನು ಕರೆಸಿ, ಪ್ರಾರ್ಥನೆ ಮಾಡಿಸಿ, ಬನದ ಸುತ್ತ ಹಗ್ಗ ಕಟ್ಟಿಸಿದೆ. ಹಗ್ಗದೊಳಗಿನ ಒಂದು ಬಳ್ಳಿಗೂ ಕತ್ತಿ ತಾಗಬಾರದು ಅಂತ ಮರದ ವ್ಯಾಪಾರಿಗೆ ಮೂರು ಸಲ ಹೇಳಿದೆ.

ಎಂಥಾ ಪರಿಸರ ಪ್ರಜ್ಞೆ ನೋಡಿ!

ಆಗ ಮೇ ತಿಂಗಳ ಕೊನೆ. ವ್ಯಾಪಾರಿ ಎರಡು ದಾರಿ ಹೇಳಿದ. ಆಳುಗಳು ದಿಮ್ಮಿ ಹೊತ್ತು ರಸ್ತೆಗೆ ಇಳಿಸಿದರೆ ಹದಿನೈದು ದಿನ. ಸರಪಳಿ ಕಟ್ಟಿ ಟ್ರ್ಯಾಕ್ಟರಿನಲ್ಲಿ ಎಳೆದರೆ ನಾಲ್ಕೇ ದಿನ.

ಬೈಂದೂರಿನಲ್ಲಿ ಬಟ್ಟೆ ಅಂಗಡಿ ಇಟ್ಟ ನಾನು ಸಿಕ್ಕಾಪಟ್ಟೆ ಬ್ಯುಸಿ ಮನುಷ್ಯ. ಟ್ರ್ಯಾಕ್ಟರೇ ಬರಲಿ ಅಂದೆ.

ಗುಡ್ಡದ ಆಚೆ ಬುಡದಲ್ಲಿ, ಲಾರಿ ಬಂದು ನಿಲ್ಲುವ ರಸ್ತೆಯ ಪಕ್ಕ, ಗಿರಿಜಕ್ಕನ ಮನೆ. ಸರಪಳಿ ಸದ್ದು ಕೇಳಿ ಅವರು ಗುಡ್ಡ ಹತ್ತಿ ಬಂದರು.

"ಹ್ವಾಯ್, ಮಳಿ ಬಪ್ಪು ಹೊತ್ತಾಯ್ತ್. ಎಳ್ಸ್ಬೇಡಿ, ಹೊತ್ಕಂಡ್ ಹೋಯ್ಲಿ. ಮಣ್ಣೆಲ್ಲ ನಮ್ ಬಾವಿಗೆ ಬತ್ತ್ ಕಾಣಿ."

"ಎಂತ ಆತಿಲ್ಲ ಗಿರಿಜಕ್ಕ," ಅಂದೆ. ಪಂಚೆ, ಸೀರೆ ಮಾರುವವನಿಗೆ ಮಣ್ಣಿನ ವಿಷಯ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು?

ಅವರಿಗೆ ಬೇಜಾರಾಗಬಾರದು ಅಂತ ಮರದ ಗೆಲ್ಲು, ತುದಿ ಎಲ್ಲ ನೀವೇ ಸೌದೆಗೆ ತಗೊಳ್ಳಿ ಅಂದೆ. ಅವರ ಮಗಳು ಹೆರಿಗೆಗೆ ಬಂದಿದ್ದಳು. ಬಾಣಂತಿ ಅಂದ ಮೇಲೆ ದಿನಾ ಹಂಡೆಗಟ್ಟಲೆ ಬಿಸಿನೀರು ಕಾಯಬೇಕಲ್ಲ... ನಾನು ಧಾರಾಳಿ.

ದಿಮ್ಮಿಗಳು ಲಾರಿ ಹತ್ತಿ ಹಂಚಿನ ಕಾರ್ಖಾನೆಯ ಭಟ್ಟಿಗೆ ಹೋದವು. ಬನಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಅದರ ಪಕ್ಕದಲ್ಲೇ ದಿಮ್ಮಿ ಉಜ್ಜಿ ಉಜ್ಜಿ ಮೊಣಕಾಲಾಳದ ಚರಂಡಿ ಬಿದ್ದಿತ್ತು, ಮೇಲಿಂದ ನೇರ ಗಿರಿಜಕ್ಕನ ಹಿತ್ತಿಲಿಗೆ. ಇಂಜಿನಿಯರ್ ಕರೆಸಿದ್ದರೂ ಅಷ್ಟು ನೇರ ಬರುತ್ತಿರಲಿಲ್ಲ.

ಜೂನ್ ಐದಕ್ಕೆ, ಪರಿಸರ ದಿನ ಅಂತ, ಅಂಗಡಿ ಎದುರು ಗಿಡ ನೆಟ್ಟು ಫೋಟೋ ಹಾಕಿದೆ. ಲೈಕ್ ಒತ್ತಿದವರು ನೀವೇ. ಥ್ಯಾಂಕ್ಸ್.

ಆಮೇಲೆ ಮಳೆ ಹಿಡಿಯಿತು. ಮೂರು ದಿನ ಬಿಟ್ಟೂ ಬಿಡದೆ...

ನಾಲ್ಕನೆಯ ದಿನ ಬೆಳಿಗ್ಗೆ ನೋಡ್ತೇನೆ, ಗಿರಿಜಕ್ಕ ಕೊಡಪಾನ ಹಿಡಿದು ನಮ್ಮ ಬಾವಿಕಟ್ಟೆಯ ಹತ್ತಿರ ನಿಂತಿದ್ದಾರೆ.

"ಎರ್ಡ್ ಕೊಡ ನೀರ್ ತಕಂಡ್ ಹೋಯ್ಲಾ? ಮಗು ಮೀಸುಕೆ."

ಮಗುವಿನ ಸ್ನಾನಕ್ಕೆ ಅಂದ ಮೇಲೆ ನಾನೂ ಒಂದು ಕೊಡ ಹೊತ್ತು ಅವರ ಹಿಂದೆ ಹೋದೆ. ಅವರ ಬಾವಿ ತುಂಬ ಕೆಮ್ಮಣ್ಣು ಕದಡಿದ ನೀರು. ಬಚ್ಚಲಲ್ಲಿ ನಾನು ಕೊಟ್ಟ ಗೆಲ್ಲುಗಳನ್ನು ಎಷ್ಟು ಚಂದ ತುಂಡು ಮಾಡಿ ಒಟ್ಟಿದ್ದರು! ಒಲೆಯ ಮೇಲಿನ ಹಂಡೆ ಖಾಲಿ. ಬಾಗಿಲಲ್ಲಿ ಮಗಳು, ತೊಡೆಯ ಮೇಲೆ ಹನ್ನೊಂದು ದಿನದ ಕೂಸು.

ನನಗೆ ತಲೆ ಎತ್ತಲಾಗಲಿಲ್ಲ. ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಆದದ್ದಿಲ್ಲ.

ಚರಂಡಿಗೆ ಕಲ್ಲು ತುಂಬಿಸಿದೆ, ಮುಂದಿನ ಮಳೆಗೆ ಕೊಚ್ಚಿಹೋಯಿತು. ಅಂಗಡಿಗೆ ಹೋಗುವಾಗ ಬೈಕಿನಲ್ಲಿ ಎರಡು ಕ್ಯಾನ್ ನೀರು ಇಟ್ಟು ಬರುತ್ತಿದ್ದೆ. ಬಾಣಂತಿ ಹಂಡೆಗೆ ಅದು ಎಲ್ಲಿ ಸಾಕು?

ಆಳುಗಳಿಂದ ಹದಿನೈದು ದಿನ ಹೊರಿಸಲು ನನಗೆ ಪುರುಸೊತ್ತಿರಲಿಲ್ಲ. ಗಿರಿಜಕ್ಕ ಮಳೆಗಾಲ ಪೂರ್ತಿ ಆ ಗುಡ್ಡ ಹತ್ತಿಳಿದು ನೀರು ಹೊತ್ತರು.

"ನಾಗನಿಗೆ ಸಿಟ್ಟ್ ಬರ್ಲಿಲ್ಲ ಕಾಣ್, ನಮ್ ಪುಣ್ಯ," ಅಂತ ಅಮ್ಮ ಈಗಲೂ ಹೇಳುತ್ತಾರೆ. ಗಿರಿಜಕ್ಕನಿಗೂ ಸಿಟ್ಟು ಬರಲಿಲ್ಲ.

ನಾಗನಿಗಾದರೆ ತಪ್ಪುಕಾಣಿಕೆ ಹಾಕಿ ಕೈಮುಗಿದು ಬರಬಹುದಿತ್ತು... ಇದಕ್ಕೆ ಎಲ್ಲಿ ಹಾಕುವುದು, ಗೊತ್ತಿದ್ದವರು ಹೇಳಿ.